ತಣ್ಣನೆಯ ಕುಣಿಕೆ ಎಷ್ಟು ಸುರಕ್ಷಿತ?

ಆಸ್ಪತ್ರೆಗೆ ಹೊಸ ಸಲಕರಣೆಯೊಂದು ಬಂದಿದೆ ಎಂದುಕೊಳ್ಳಿ. ಅದನ್ನು 100 ಮಂದಿಗೆ ಬಳಸಲಾಯಿತು. ಒಬ್ಬರಿಗೂ ತೊಂದರೆಯಾಗಲಿಲ್ಲ. ಹಾಗಾದರೆ ಸಲಕರಣೆ ಸುರಕ್ಷಿತ ಎನ್ನಬಹುದೆ? ಹೌದು ಎಂದೇ ನಮಗೆ ಮೊದಲು ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿದರೆ ಉತ್ತರ ಅಷ್ಟು ಸುಲಭವಲ್ಲವೆಂದು ತಿಳಿಯುತ್ತದೆ. ಸುರಕ್ಷತೆ ಎಂಬುದು ಕಣ್ಣಿಗೆ ಕಾಣುವ ಗುಣವಲ್ಲ, ಅದನ್ನು ಅಳೆಯಬೇಕು. ಅಳೆಯಬೇಕಾದರೆ ಏನನ್ನು ಎಣಿಸಬೇಕು, ಎಷ್ಟು ದಿನ ಎಣಿಸಬೇಕು, ಎಷ್ಟು ಮಂದಿಯಲ್ಲಿ ಎಣಿಸಬೇಕು, ಯಾವುದರೊಡನೆ ಹೋಲಿಸಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ದೊಡ್ಡ ಕರುಳಿನ ಪಾಲಿಪ್‌ಗಳನ್ನು ತೆಗೆಯಲು ಬಳಸುವ 'ತಣ್ಣನೆಯ ಕುಣಿಕೆ' ಇದಕ್ಕೆ ಒಳ್ಳೆಯ ಉದಾಹರಣೆ. ವಿದ್ಯುತ್ತಿನಿಂದ ಕಾಯಿಸುವ ಹಳೆಯ ಕುಣಿಕೆಯ ಬದಲು ಬರಿಯ ತೆಳು ತಂತಿಯಿಂದಲೇ ಪಾಲಿಪ್ ಕತ್ತರಿಸುವ ಈ ವಿಧಾನ ಕಳೆದ ಮೂರು ದಶಕಗಳಲ್ಲಿ ಹಲವು ಪರೀಕ್ಷೆಗಳನ್ನು ಹಾದುಬಂದಿದೆ. ಆ ಪರೀಕ್ಷೆಗಳನ್ನು ಒಂದೊಂದಾಗಿ ನೋಡೋಣ.

ಪಾಲಿಪ್ ಎಂದರೇನು?

ದೊಡ್ಡ ಕರುಳಿನ ಒಳಗೋಡೆಯನ್ನು ಲೋಳೆಪೊರೆ ಆವರಿಸಿದೆ. ಈ ಪೊರೆಯ ಕೋಶಗಳು ಕೆಲವೊಮ್ಮೆ ಮಿತಿಮೀರಿ ಬೆಳೆದು ಸಣ್ಣ ಗಂಟಿನಂತೆ ಒಳಕ್ಕೆ ಉಬ್ಬುತ್ತವೆ. ಇದೇ ಪಾಲಿಪ್. ಕೆಲವು ಪಾಲಿಪ್‌ಗಳಿಗೆ ಅಣಬೆಯಂತೆ ತೊಟ್ಟು ಇರುತ್ತದೆ; ಕೆಲವು ಗೋಡೆಗೆ ಅಂಟಿಕೊಂಡು ಚಪ್ಪಟೆಯಾಗಿರುತ್ತವೆ. ಬಹುಪಾಲು ಪಾಲಿಪ್‌ಗಳು 1 ಸೆಂಟಿಮೀಟರ್‌ಗಿಂತ ಚಿಕ್ಕವು. ನೋವಿಲ್ಲ, ಲಕ್ಷಣಗಳಿಲ್ಲ. ಆದ್ದರಿಂದ ಅವು ಇರುವುದು ವ್ಯಕ್ತಿಗೆ ಗೊತ್ತೇ ಆಗುವುದಿಲ್ಲ.

ಎಲ್ಲ ಪಾಲಿಪ್‌ಗಳೂ ಅಪಾಯಕಾರಿಯಲ್ಲ. ಆದರೆ 'ಅಡಿನೋಮ' ಎಂಬ ಬಗೆಯ ಪಾಲಿಪ್‌ಗಳಲ್ಲಿ ಕೆಲವು ಅನೇಕ ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಕ್ಯಾನ್ಸರ್ ಆಗಿ ಮಾರ್ಪಡುತ್ತವೆ. ಯಾವುದು ಮಾರ್ಪಡುತ್ತದೆ ಎಂಬುದನ್ನು ಮುಂಚಿತವಾಗಿ ಹೇಳಲಾಗದು. ಹಾಗಾಗಿ ಕಂಡಾಗಲೇ ತೆಗೆದುಬಿಡುವುದು ಜಾಣತನ. ಅಮೆರಿಕದ 'ನ್ಯಾಷನಲ್ ಪಾಲಿಪ್ ಸ್ಟಡಿ' ಎಂಬ ಅಧ್ಯಯನದ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ಅಡಿನೋಮಗಳನ್ನು ತೆಗೆಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರ್ ನಿರೀಕ್ಷೆಗಿಂತ ಶೇ. 76ರಿಂದ 90ರಷ್ಟು ಕಡಿಮೆಯಾಗಿತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನದಲ್ಲಿಡಿ. ಪಾಲಿಪ್ ತೆಗೆಸಿಕೊಳ್ಳಲು ಬರುವವರಲ್ಲಿ ಹೆಚ್ಚಿನವರು ರೋಗಿಗಳೇ ಅಲ್ಲ. ಅವರು ತಪಾಸಣೆಗೆಂದು ನಡೆದುಕೊಂಡು ಬಂದ ಆರೋಗ್ಯವಂತರು. ಸಾಯುವ ಸ್ಥಿತಿಯಲ್ಲಿರುವವರನ್ನು ಉಳಿಸುವ ಚಿಕಿತ್ಸೆಯಲ್ಲಿ ನೂರಕ್ಕೆ ಐವರಿಗೆ ತೊಂದರೆಯಾದರೂ ಒಪ್ಪಿಕೊಳ್ಳಬಹುದು. ಮುಂದೆಂದೋ ಬರಬಹುದಾದ ಕಾಯಿಲೆಯನ್ನು ತಡೆಯಲು ಇಂದು ಚೆನ್ನಾಗಿರುವವರ ಕರುಳಿಗೆ ತೂತು ಬಿದ್ದರೆ ಒಪ್ಪುವುದು ಹೇಗೆ? ಆದ್ದರಿಂದಲೇ ಇಲ್ಲಿ ಸುರಕ್ಷತೆಯ ಅಳತೆಗೋಲು ಬಹಳ ಬಿಗಿ.

ಬಿಸಿ ಕುಣಿಕೆ ಕೆಲಸಮಾಡುವ ಬಗೆ

ಒಂದು ಕಾಲದಲ್ಲಿ ಕರುಳಿನ ಮೇಲ್ಭಾಗದಲ್ಲಿರುವ ಪಾಲಿಪ್ ತೆಗೆಯಲು ಹೊಟ್ಟೆಯನ್ನೇ ತೆರೆಯಬೇಕಾಗಿತ್ತು. 1969ರಲ್ಲಿ ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಎಂಬ ಶಸ್ತ್ರವೈದ್ಯರು ಕೊಲೊನೊಸ್ಕೋಪ್ ಮೂಲಕ ತಂತಿಯ ಕುಣಿಕೆ ಹಾಕಿ ಪಾಲಿಪ್ ತೆಗೆಯುವ ವಿಧಾನವನ್ನು ಆರಂಭಿಸಿದರು. ಕೊಲೊನೊಸ್ಕೋಪ್ ಎಂದರೆ ಗುದದ್ವಾರದ ಮೂಲಕ ಒಳಸೇರಿಸುವ, ಬಾಗುವ ಉದ್ದನೆಯ ಕೊಳವೆ. ಅದರ ತುದಿಯಲ್ಲಿ ದೀಪವೂ ನೋಡುವ ವ್ಯವಸ್ಥೆಯೂ ಇರುತ್ತವೆ. ಜೊತೆಗೆ ಸಲಕರಣೆ ತೂರಿಸಲು ಸಾಮಾನ್ಯವಾಗಿ 3ರಿಂದ 4 ಮಿಲಿಮೀಟರ್ ಅಗಲದ ಕಾಲುವೆಯೂ ಇರುತ್ತದೆ. ಈ ಕಾಲುವೆಯ ಮೂಲಕ ಜೀರುಗುಣಿಕೆಯಂತಹ ತಂತಿಯನ್ನು ತೂರಿಸಿ, ಪಾಲಿಪ್‌ನ ಬುಡಕ್ಕೆ ಹಾಕಿ ಬಿಗಿಯುತ್ತಾರೆ. ಆಗ ತಂತಿಯಲ್ಲಿ ವಿದ್ಯುತ್ ಹರಿಸಿದರೆ ಪಾಲಿಪ್ ಕತ್ತರಿಸಿ ಬೀಳುತ್ತದೆ.

ವಿದ್ಯುತ್ ಹರಿಸಿದರೆ ಆಘಾತವಾಗುವುದಿಲ್ಲವೆ? ಈ ಪ್ರಶ್ನೆಯನ್ನು ನಿಮ್ಮ ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ನಮ್ಮ ಮನೆಯ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್. ಕುಣಿಕೆಯಲ್ಲಿ ಹರಿಯುವುದು ಲಕ್ಷಗಟ್ಟಲೆ ಹರ್ಟ್ಸ್ ಆವೃತ್ತಿಯ ಪ್ರವಾಹ. ಇಷ್ಟು ಬೇಗ ದಿಕ್ಕು ಬದಲಿಸುವ ಪ್ರವಾಹಕ್ಕೆ ನರ, ಸ್ನಾಯುಗಳು ಪ್ರತಿಕ್ರಿಯಿಸಲಾರವು. ಶಾಖ ಮಾತ್ರ ಹುಟ್ಟುತ್ತದೆ. ಪ್ರವಾಹ ಕುಣಿಕೆಯಿಂದ ದೇಹದೊಳಗೆ ಹರಿದು, ತೊಡೆಗೆ ಅಂಟಿಸಿದ ಅಗಲವಾದ ಪಟ್ಟಿಯ ಮೂಲಕ ಹೊರಹೋಗುತ್ತದೆ. ಎರಡೂ ಕಡೆ ಹರಿಯುವ ಪ್ರವಾಹ ಒಂದೇ. ಆದರೂ ಕುಣಿಕೆಯ ಬಳಿ ಸುಡುತ್ತದೆ, ತೊಡೆಯ ಬಳಿ ಸುಡುವುದಿಲ್ಲ. ಇದಕ್ಕೆ ಕಾರಣ ಪ್ರವಾಹದ ಸಾಂದ್ರತೆ. ಒಂದು ಘನ ಅಳತೆಯ ಅಂಗಾಂಶದಲ್ಲಿ ಹುಟ್ಟುವ ಶಾಖ ಪ್ರವಾಹ ಸಾಂದ್ರತೆಯ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಕುಣಿಕೆ ಹಿಡಿದ ಜಾಗ 1 ಚದರ ಸೆಂಟಿಮೀಟರ್, ಪಟ್ಟಿಯ ವಿಸ್ತೀರ್ಣ 100 ಚದರ ಸೆಂಟಿಮೀಟರ್ ಎಂದುಕೊಂಡರೆ, ಕುಣಿಕೆಯ ಬಳಿ ಪ್ರವಾಹ ಸಾಂದ್ರತೆ 100 ಪಟ್ಟು, ಶಾಖ 10,000 ಪಟ್ಟು! ಕುಣಿಕೆಯನ್ನು ಬಿಗಿದು ಅದರ ತ್ರಿಜ್ಯವನ್ನು ಅರ್ಧಕ್ಕೆ ಇಳಿಸಿದರೆ ಅಡ್ಡಕೊಯ್ತದ ವಿಸ್ತೀರ್ಣ ಕಾಲುಭಾಗಕ್ಕೆ ಇಳಿಯುತ್ತದೆ. ಪ್ರವಾಹ ಅಷ್ಟೇ ಇದ್ದರೆ ಶಾಖ 16 ಪಟ್ಟು ಏರುತ್ತದೆ.

ಈ ಶಾಖ ಅಂಗಾಂಶವನ್ನು ಕತ್ತರಿಸುವುದರ ಜೊತೆಗೆ ರಕ್ತನಾಳಗಳ ಬಾಯನ್ನೂ ಬೇಯಿಸಿ ಮುಚ್ಚುತ್ತದೆ. ರಕ್ತ ಸೋರದಂತೆ ಪಾಲಿಪ್ ತೆಗೆಯಲು ಇದಕ್ಕಿಂತ ಒಳ್ಳೆಯ ಉಪಾಯ ಬೇಕೆ ಎಂದು ಬಹುಕಾಲ ಭಾವಿಸಲಾಗಿತ್ತು.

ಶಾಖದ ಇನ್ನೊಂದು ಮುಖ

ಶಾಖ ಕತ್ತರಿಸಿದ ಗೆರೆಯಲ್ಲೇ ನಿಲ್ಲುವುದಿಲ್ಲ, ಆಳಕ್ಕೂ ಇಳಿಯುತ್ತದೆ. ಕರುಳಿನ ಗೋಡೆಯ ದಪ್ಪ ಕೆಲವೇ ಮಿಲಿಮೀಟರ್. ಲೋಳೆಪೊರೆ, ಅದರ ಕೆಳಗೆ ರಕ್ತನಾಳಗಳಿರುವ ಸಡಿಲ ಪದರ, ಆಮೇಲೆ ಸ್ನಾಯುಪದರ, ಕೊನೆಗೆ ಹೊರಪೊರೆ, ಇಷ್ಟೂ ಅದರಲ್ಲೇ ಅಡಗಿವೆ. ಶಾಖ ಸ್ನಾಯುಪದರವನ್ನು ಮುಟ್ಟಿದರೆ ಗೋಡೆಯೇ ಸತ್ತು ತೂತು ಬೀಳಬಹುದು. ಆಗ ಕರುಳಿನ ಬ್ಯಾಕ್ಟೀರಿಯಗಳು ಹೊಟ್ಟೆಯ ಕುಹರಕ್ಕೆ ಸೋರಿ ಪ್ರಾಣಕ್ಕೇ ಸಂಚಕಾರ ಬರುತ್ತದೆ.

ಎರಡನೆಯ ಅಪಾಯ ತಡವಾಗಿ ಬರುವ ರಕ್ತಸ್ರಾವ. ಬೆಂದ ಜಾಗದ ಮೇಲೆ ಹಕ್ಕಳೆ ಕಟ್ಟುತ್ತದೆ. ಕೆಲವು ದಿನಗಳ ನಂತರ ಅದು ಕಳಚುತ್ತದೆ. ಅದರ ಕೆಳಗೆ ಶಾಖದಿಂದ ಪೆಟ್ಟು ತಿಂದ ರಕ್ತನಾಳವಿದ್ದರೆ ಆಗ ಅದು ತೆರೆದುಕೊಳ್ಳುತ್ತದೆ. ಅಷ್ಟು ಹೊತ್ತಿಗೆ ವ್ಯಕ್ತಿ ಮನೆಯಲ್ಲಿರುತ್ತಾನೆ, ಪ್ರಯಾಣದಲ್ಲಿರಬಹುದು, ಆಸ್ಪತ್ರೆಯಿಂದ ದೂರದ ಊರಿನಲ್ಲಿರಬಹುದು.

ಮೂರನೆಯದು ಅಪರೂಪದ್ದು, ಆದರೆ ಪಾಠ ಕಲಿಸುವಂಥದ್ದು. ಕೊಲೊನೊಸ್ಕೋಪಿಗೆ ಮುನ್ನ ಕರುಳನ್ನು ತೊಳೆಯಲು ಹಿಂದೆ ಮ್ಯಾನಿಟಾಲ್ ಎಂಬ ಸಕ್ಕರೆ ಜಾತಿಯ ವಸ್ತುವಿನ ದ್ರಾವಣ ಕುಡಿಸುತ್ತಿದ್ದರು. ನಮ್ಮ ದೇಹ ಇದನ್ನು ಹೆಚ್ಚು ಹೀರಿಕೊಳ್ಳುವುದಿಲ್ಲ. ಕರುಳಿನ ಬ್ಯಾಕ್ಟೀರಿಯಗಳು ಅದನ್ನು ಹುದುಗಿಸಿ ಹೈಡ್ರೊಜನ್, ಮೀಥೇನ್ ಅನಿಲಗಳನ್ನು ಉತ್ಪಾದಿಸುತ್ತವೆ. ಗಾಳಿಯಲ್ಲಿ ಹೈಡ್ರೊಜನ್ ಶೇ. 4ನ್ನು, ಮೀಥೇನ್ ಶೇ. 5ನ್ನು ದಾಟಿದರೆ ಒಂದು ಕಿಡಿ ಸಾಕು. ಫ್ರಾನ್ಸಿನಲ್ಲಿ ಬಿಸಿ ಕುಣಿಕೆಯಿಂದ ಪಾಲಿಪ್ ತೆಗೆಯುವಾಗ ಕರುಳಿನೊಳಗೇ ಸ್ಫೋಟವಾಗಿ ಒಬ್ಬ ರೋಗಿ ಮೃತಪಟ್ಟ ವರದಿ 1979ರಲ್ಲಿ ಪ್ರಕಟವಾಯಿತು. ಕುಣಿಕೆ ಸರಿಯಾಗಿಯೇ ಇತ್ತು, ಮ್ಯಾನಿಟಾಲ್ ಕೂಡ ಒಳ್ಳೆಯ ಭೇದಿ ಔಷಧವೇ. ಎರಡೂ ಕೂಡಿದ್ದು ಅಪಾಯಕ್ಕೆ ದಾರಿಯಾಯಿತು. ಸಲಕರಣೆಯೊಂದನ್ನೇ ಬಿಡಿಯಾಗಿ ಪರೀಕ್ಷಿಸಿದರೆ ಸಾಲದು, ಅದು ಬಳಕೆಯಾಗುವ ಸನ್ನಿವೇಶವನ್ನೂ ಪರೀಕ್ಷಿಸಬೇಕು ಎಂಬುದು ಇದರಿಂದ ಸಿಕ್ಕ ಪಾಠ.

ವಿದ್ಯುತ್ ಇಲ್ಲದ ಕುಣಿಕೆ

ಸಣ್ಣ ಪಾಲಿಪ್‌ಗಳಿಗೆ ಇಷ್ಟೆಲ್ಲ ಶಾಖ ಬೇಕೆ? ಸೋಪಿನ ಗಟ್ಟಿಯನ್ನು ತೆಳು ತಂತಿಯಿಂದ ಕತ್ತರಿಸುವ ಹಾಗೆ ಪಾಲಿಪ್ಪನ್ನೂ ಕತ್ತರಿಸಿದರಾಗದೆ? ವಿದ್ಯುತ್ ಹರಿಸದೆ ಕುಣಿಕೆಯಿಂದಲೇ ಸಣ್ಣ ಪಾಲಿಪ್‌ಗಳನ್ನು ತೆಗೆದ ಅನುಭವದ ವರದಿ 1992ರಲ್ಲಿ ಪ್ರಕಟವಾಯಿತು. ಮುಂದೆ ಇದಕ್ಕೆಂದೇ ವಿಶೇಷ ಕುಣಿಕೆಗಳು ಬಂದವು. ಇವುಗಳ ತಂತಿಯ ವ್ಯಾಸ ಸುಮಾರು 0.3 ಮಿಲಿಮೀಟರ್; ಹಳೆಯ ಕುಣಿಕೆಗಳ ತಂತಿಗಿಂತ ತೆಳು. ತಂತಿ ತೆಳುವಾದಷ್ಟೂ ಅದೇ ಬಲಕ್ಕೆ ಹೆಚ್ಚು ಒತ್ತಡ ಸಿಗುತ್ತದೆ, ಕೊಯ್ತ ನೇರವಾಗುತ್ತದೆ.

ಬುದ್ಧಿಗೆ ಒಪ್ಪುವ ವಿಚಾರವೇನೋ ಹೌದು. ಶಾಖವಿಲ್ಲದಿದ್ದರೆ ಆಳದ ಸುಟ್ಟಗಾಯವಿಲ್ಲ, ಕಿಡಿಯಿಲ್ಲ. ಆದರೆ ರಕ್ತನಾಳಗಳ ಬಾಯನ್ನು ಮುಚ್ಚುವುದು ಯಾವುದು? ಬುಡದಲ್ಲಿ ಚೂರು ಉಳಿದುಬಿಟ್ಟರೆ? ಈ ಪ್ರಶ್ನೆಗಳಿಗೆ ತರ್ಕ ಉತ್ತರ ಕೊಡಲಾರದು, ಪ್ರಯೋಗವೇ ಕೊಡಬೇಕು.

ಮೇಜಿನಿಂದ ಮನುಷ್ಯನವರೆಗೆ

ಯಾವುದೇ ಹೊಸ ಕುಣಿಕೆ ನೇರವಾಗಿ ಮನುಷ್ಯನ ಕರುಳಿಗೆ ಹೋಗುವುದಿಲ್ಲ. ಮೊದಲ ಪರೀಕ್ಷೆ ಪ್ರಯೋಗಾಲಯದ ಮೇಜಿನ ಮೇಲೆ. ತಂತಿ ಎಷ್ಟು ಎಳೆತಕ್ಕೆ ತುಂಡಾಗುತ್ತದೆ? ಮತ್ತೆ ಮತ್ತೆ ತೆರೆದು ಮುಚ್ಚಿದರೆ ಆಕಾರ ಕೆಡುತ್ತದೆಯೆ? ಕೊಲೊನೊಸ್ಕೋಪ್ ಸುರುಳಿ ಸುತ್ತಿಕೊಂಡಿರುವಾಗಲೂ ಹಿಡಿಯನ್ನು ಎಳೆದರೆ ಕುಣಿಕೆ ಬಿಗಿಯುತ್ತದೆಯೆ? ಅರ್ಧ ಕತ್ತರಿಸಿ ತಂತಿ ಸಿಕ್ಕಿಹಾಕಿಕೊಂಡರೆ ಬಿಡಿಸುವ ದಾರಿಯಿದೆಯೆ? ಹೀಗೆ ಕೆಡಬಹುದಾದ ಬಗೆಗಳನ್ನೆಲ್ಲ ಪಟ್ಟಿಮಾಡಿ, ಪ್ರತಿಯೊಂದರ ತೀವ್ರತೆಯನ್ನೂ ಸಂಭಾವ್ಯತೆಯನ್ನೂ ಅಂದಾಜು ಮಾಡುವ ಕ್ರಮಕ್ಕೆ ಐಎಸ್ಒ 14971 ಎಂಬ ಅಂತರರಾಷ್ಟ್ರೀಯ ಮಾನಕವಿದೆ.

ಎರಡನೆಯದು ವಸ್ತುವಿನ ಪರೀಕ್ಷೆ. ಕುಣಿಕೆಯ ಲೋಹ, ಅದರ ಪ್ಲಾಸ್ಟಿಕ್ ಹೊದಿಕೆ ಜೀವಕೋಶಗಳಿಗೆ ವಿಷವಾಗಬಾರದು, ಒಗ್ಗದಿಕೆ ಹುಟ್ಟಿಸಬಾರದು, ಲೋಳೆಪೊರೆಯನ್ನು ಕೆರಳಿಸಬಾರದು. ಇವನ್ನು ಐಎಸ್ಒ 10993 ಮಾನಕದ ಪ್ರಕಾರ ಪರೀಕ್ಷಿಸುತ್ತಾರೆ. ಎಥಿಲಿನ್ ಆಕ್ಸೈಡ್ ಅನಿಲದಿಂದ ಸೂಕ್ಷ್ಮಾಣುಗಳನ್ನು ಕೊಂದಿದ್ದರೆ ಆ ಅನಿಲದ ಶೇಷ ಉಳಿದಿದೆಯೇ ಎಂದೂ ಅಳೆಯಬೇಕಾಗುತ್ತದೆ.

ಮೂರನೆಯದು ಪ್ರಾಣಿಯ ಅಂಗಾಂಶ. ಹಂದಿಯ ಕರುಳಿನ ರಚನೆ ನಮ್ಮದನ್ನು ಹೋಲುವುದರಿಂದ ಅದನ್ನು ಬಳಸುವುದು ವಾಡಿಕೆ. ಕತ್ತರಿಸಿದ ಜಾಗದ ತೆಳು ಹೋಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಗಾಯ ಯಾವ ಪದರದವರೆಗೆ ಇಳಿದಿದೆ ಎಂದು ಅಳೆಯಬಹುದು. ಆದರೆ ಹಂದಿಯ ಆರೋಗ್ಯವಂತ ಕರುಳಿನಲ್ಲಿ ಪಾಲಿಪ್ ಇರುವುದಿಲ್ಲ. ಆ ಪ್ರಾಣಿ ರಕ್ತ ತೆಳುವಾಗಿಸುವ ಔಷಧವನ್ನೂ ಸೇವಿಸುತ್ತಿರುವುದಿಲ್ಲ. ಕೊನೆಯ ಉತ್ತರ ಮನುಷ್ಯರಲ್ಲೇ ಸಿಗಬೇಕು. ಅದಕ್ಕೆ ನೈತಿಕ ಸಮಿತಿಯ ಅನುಮತಿ ಬೇಕು. ಭಾಗವಹಿಸುವವರಿಗೆ ವಿಷಯ ತಿಳಿಸಿ, ಅವರ ಒಪ್ಪಿಗೆ ಪಡೆಯುವುದು ಕಡ್ಡಾಯ.

ಏನನ್ನು, ಎಷ್ಟು ದಿನ ಎಣಿಸಬೇಕು?

ತಣ್ಣನೆಯ ಕುಣಿಕೆಯಿಂದ ಕತ್ತರಿಸಿದ ಕೂಡಲೇ ಗಾಯದಿಂದ ತುಸು ರಕ್ತ ಜಿನುಗುವುದು ಸಾಮಾನ್ಯ. ಸ್ವಲ್ಪ ಹೊತ್ತಿನಲ್ಲಿ ಹೆಪ್ಪುಗಟ್ಟಿ ತಾನೇ ನಿಲ್ಲುತ್ತದೆ. ನಿಲ್ಲದಿದ್ದರೆ ವೈದ್ಯರು ಅಲ್ಲೇ ಕ್ಲಿಪ್ ಹಾಕಬಲ್ಲರು. ಬಿಸಿ ಕುಣಿಕೆಯ ಗಾಯವಾದರೋ ಒಣಗಿ ಅಚ್ಚುಕಟ್ಟಾಗಿ ಕಾಣುತ್ತದೆ. ಕೊಠಡಿಯಲ್ಲಿ ನಿಂತು ನೋಡಿದವರು ಬಿಸಿ ಕುಣಿಕೆಯೇ ಸುರಕ್ಷಿತ ಎಂದು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ. ಆದರೆ ನಿಜವಾದ ಅಪಾಯ ಬರುವುದು ಹಕ್ಕಳೆ ಕಳಚುವ ಹೊತ್ತಿಗೆ. ಹಾಗಾಗಿ ಎಣಿಕೆಯನ್ನು ಕೊಠಡಿಯ ಬಾಗಿಲಲ್ಲಿ ನಿಲ್ಲಿಸಬಾರದು. ವ್ಯಕ್ತಿ ಮನೆಗೆ ಹೋದ ಮೇಲೂ ಎರಡು ವಾರ ವಿಚಾರಿಸುತ್ತಿರಬೇಕು. ಅಪಾಯ ಯಾವ ಕ್ರಿಯೆಯಿಂದ ಹುಟ್ಟುತ್ತದೆಯೋ ಆ ಕ್ರಿಯೆಗೆ ತಗಲುವ ಕಾಲವೇ ನಾವು ಕಾಯಬೇಕಾದ ಕಾಲವನ್ನು ಗೊತ್ತುಮಾಡುತ್ತದೆ.

ಜಪಾನಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಪ್ರಯೋಗ ಈ ದೃಷ್ಟಿಯಿಂದ ಗಮನಾರ್ಹ. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುತ್ತಿದ್ದ 70 ಮಂದಿಯನ್ನು, ಎಂದರೆ ರಕ್ತಸ್ರಾವದ ಅಪಾಯ ಹೆಚ್ಚಿದ್ದವರನ್ನೇ, ಆರಿಸಿಕೊಂಡರು. 35 ಮಂದಿಗೆ ಬಿಸಿ ಕುಣಿಕೆ, 35 ಮಂದಿಗೆ ತಣ್ಣನೆಯ ಕುಣಿಕೆ. ತಡವಾಗಿ ಬಂದ, ಚಿಕಿತ್ಸೆ ಬೇಕಾದ ರಕ್ತಸ್ರಾವ ಬಿಸಿ ಗುಂಪಿನಲ್ಲಿ 5 ಮಂದಿಗೆ ಆಯಿತು. ತಣ್ಣನೆಯ ಗುಂಪಿನಲ್ಲಿ ಯಾರಿಗೂ ಆಗಲಿಲ್ಲ. ಕಾರಣವೂ ಸೂಕ್ಷ್ಮದರ್ಶಕದಲ್ಲಿ ಕಂಡಿತು. ಲೋಳೆಪೊರೆಯ ಕೆಳಗಿನ ಪದರದ ರಕ್ತನಾಳಗಳಿಗೆ ಪೆಟ್ಟಾಗಿದ್ದುದು ಬಿಸಿ ಗುಂಪಿನಲ್ಲಿ ಶೇ. 39, ತಣ್ಣನೆಯದರಲ್ಲಿ ಶೇ. 22. ಪರಿಣಾಮದ ಜೊತೆಗೆ ಅದರ ಕಾರಣವೂ ಸಿಕ್ಕಾಗ ಸಾಕ್ಷ್ಯ ಗಟ್ಟಿಯಾಗುತ್ತದೆ.

ಸೊನ್ನೆಯ ಲೆಕ್ಕ

ಈಗ ನಾವು ಮೊದಲು ಕೇಳಿದ ಪ್ರಶ್ನೆಗೆ ಬರೋಣ. 35 ಮಂದಿಯಲ್ಲಿ ಸೊನ್ನೆ ಎಂದರೆ ಅಪಾಯವೂ ಸೊನ್ನೆಯೆ?

ಒಂದು ಸಲಕರಣೆಯಿಂದ ತೊಂದರೆಯಾಗುವ ನಿಜವಾದ ಸಂಭಾವ್ಯತೆ ಶೇ. 1.5 ಇದೆಯೆನ್ನೋಣ. ಒಬ್ಬರಿಗೆ ತೊಂದರೆಯಾಗದೆ ಇರುವ ಸಂಭಾವ್ಯತೆ 0.985. 100 ಮಂದಿಯಲ್ಲಿ ಒಬ್ಬರಿಗೂ ಆಗದಿರುವ ಸಂಭಾವ್ಯತೆ 0.985ರ 100ನೆಯ ಘಾತ. ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿ: ಸುಮಾರು 0.22. ಎಂದರೆ ಶೇ. 1.5ರಷ್ಟು ಅಪಾಯವಿರುವ ಸಲಕರಣೆಯೂ ಐದರಲ್ಲಿ ಒಂದು ಸಲ 100 ಮಂದಿಯ ಪರೀಕ್ಷೆಯಲ್ಲಿ ಯಾವ ಕಳಂಕವೂ ಇಲ್ಲದೆ ತೇರ್ಗಡೆಯಾಗುತ್ತದೆ!

ಇದನ್ನು ತರಗತಿಯಲ್ಲೇ ಮಾಡಿ ತೋರಿಸಬಹುದು. ಒಂದು ಚೀಲದಲ್ಲಿ 1000 ಹುಣಸೆ ಬೀಜ ಹಾಕಿ. ಅವುಗಳಲ್ಲಿ 15ಕ್ಕೆ ಸುಣ್ಣ ಹಚ್ಚಿ ಒಣಗಿಸಿರಿ. ಚೆನ್ನಾಗಿ ಕಲಸಿ, ನೋಡದೆ 100 ಬೀಜ ತೆಗೆದು ಸುಣ್ಣದ ಬೀಜಗಳನ್ನು ಎಣಿಸಿ, ಮತ್ತೆ ಚೀಲಕ್ಕೆ ಹಾಕಿ. ಪ್ರತಿ ವಿದ್ಯಾರ್ಥಿಯೂ ಒಂದೊಂದು ಸಲ ಹೀಗೆ ಮಾಡಿದರೆ ಕೆಲವರಿಗೆ ಸೊನ್ನೆ, ಕೆಲವರಿಗೆ ಮೂರು, ನಾಲ್ಕು ಬಂದೀತು. ಚೀಲ ಒಂದೇ, ಬೀಜಗಳು ಅವೇ. ಸೊನ್ನೆ ಬಂದ ವಿದ್ಯಾರ್ಥಿ 'ಈ ಚೀಲದಲ್ಲಿ ಸುಣ್ಣದ ಬೀಜವೇ ಇಲ್ಲ' ಎಂದರೆ ಉಳಿದವರು ಒಪ್ಪುತ್ತಾರೆಯೆ?

ಹಾಗಾದರೆ ಸೊನ್ನೆಯಿಂದ ಏನೂ ತಿಳಿಯುವುದಿಲ್ಲವೆ? ತಿಳಿಯುತ್ತದೆ. ಅದಕ್ಕೆ 'ಮೂರರ ನಿಯಮ' ಎಂಬ ಸರಳ ಸೂತ್ರವಿದೆ. ಎನ್ ಮಂದಿಯಲ್ಲಿ ಒಬ್ಬರಿಗೂ ತೊಂದರೆಯಾಗದಿದ್ದರೆ, ನಿಜವಾದ ಅಪಾಯ 3 ಭಾಗಿಸು ಎನ್ ಎಂಬ ಮಿತಿಯೊಳಗಿದೆ ಎಂದು ಶೇ. 95 ವಿಶ್ವಾಸ ಮಟ್ಟದಲ್ಲಿ ಹೇಳಬಹುದು. ಇದು ಎಲ್ಲಿಂದ ಬಂತು? ಅಪಾಯ ಶೇ. 1 ಇದ್ದರೆ 300 ಮಂದಿಯಲ್ಲಿ ಸೊನ್ನೆ ಬರುವ ಸಂಭಾವ್ಯತೆ 0.99ರ 300ನೆಯ ಘಾತ, ಎಂದರೆ ಸುಮಾರು 0.05. ಅಷ್ಟು ಅಪರೂಪದ ಸೊನ್ನೆ ಬಂದಿದೆಯೆಂದರೆ ಅಪಾಯ ಶೇ. 1ಕ್ಕಿಂತ ಕಡಿಮೆ ಇರಬೇಕೆಂದು ನಂಬುವುದು ನ್ಯಾಯ. ಈ ನಿಯಮವನ್ನು 35 ಮಂದಿಗೆ ಅನ್ವಯಿಸಿ: 3 ಭಾಗಿಸು 35, ಎಂದರೆ ಸುಮಾರು ಶೇ. 8.6. ಜಪಾನಿನ ಆ ಪ್ರಯೋಗದಲ್ಲಿ ತಣ್ಣನೆಯ ಕುಣಿಕೆಯ ಅಪಾಯ ಶೇ. 8ರಷ್ಟಿದ್ದರೂ ಸೊನ್ನೆ ಬರಲು ಸಾಧ್ಯವಿತ್ತು. ಕರುಳಿಗೆ ತೂತು ಬೀಳುವ ಅಪಾಯ ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಸೊನ್ನೆಯಿಂದ ತೋರಿಸಬೇಕಾದರೆ 3000 ಮಂದಿಯನ್ನು ನೋಡಬೇಕು. ಅಪಾಯ ಅಪರೂಪವಾದಷ್ಟೂ ಪರೀಕ್ಷೆ ದೊಡ್ಡದಾಗಬೇಕು.

ಚೀಟಿ ಎತ್ತಿದಂತೆ ಹಂಚಿಕೆ

ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಸಾಲದು, ಹೋಲಿಕೆಯೂ ನ್ಯಾಯವಾಗಿರಬೇಕು. ಯಾರಿಗೆ ಯಾವ ಕುಣಿಕೆ ಎಂಬುದನ್ನು ವೈದ್ಯರ ಇಚ್ಛೆಗೆ ಬಿಟ್ಟರೆ ಏನಾಗುತ್ತದೆ? ಸುಲಭದ ಪಾಲಿಪ್‌ಗಳಿಗೆ ಹೊಸ ಕುಣಿಕೆ, ಕಷ್ಟದವಕ್ಕೆ ಕೈಗೆ ಪಳಗಿದ ಹಳೆಯ ಕುಣಿಕೆ ಬಳಕೆಯಾಗುವುದು ಸಹಜ. ಆಗ ಹೊಸದರ ಫಲಿತಾಂಶ ಒಳ್ಳೆಯದಾಗಿ ಕಂಡರೂ ಅದರ ಶ್ರೇಯ ಕುಣಿಕೆಗೋ ಪಾಲಿಪ್‌ಗೋ ತಿಳಿಯದು. ಆದ್ದರಿಂದ ಚೀಟಿ ಎತ್ತಿದಂತೆ, ಯಾರ ಇಷ್ಟಾನಿಷ್ಟಕ್ಕೂ ಒಳಪಡದೆ ಹಂಚುತ್ತಾರೆ. ಇದಕ್ಕೆ ಯಾದೃಚ್ಛಿಕ ಪ್ರಯೋಗ ಎಂದು ಹೆಸರು. ವಯಸ್ಸು, ಔಷಧ, ಪಾಲಿಪ್‌ನ ಗಾತ್ರ ಮುಂತಾದ, ನಮಗೆ ತಿಳಿದ ಮತ್ತು ತಿಳಿಯದ ವ್ಯತ್ಯಾಸಗಳೆಲ್ಲ ಆಗ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ.

ತೈವಾನಿನ ಆರು ಕೇಂದ್ರಗಳಲ್ಲಿ 2018ರ ಜುಲೈನಿಂದ 2020ರ ಜುಲೈವರೆಗೆ ಇಂತಹ ದೊಡ್ಡ ಪ್ರಯೋಗ ನಡೆಯಿತು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. 4ರಿಂದ 10 ಮಿಲಿಮೀಟರ್ ಗಾತ್ರದ ಪಾಲಿಪ್‌ಗಳಿದ್ದ 4270 ಮಂದಿ ಇದರಲ್ಲಿ ಭಾಗವಹಿಸಿದ್ದರು. ತಡವಾಗಿ ಬಂದ ರಕ್ತಸ್ರಾವ ಬಿಸಿ ಕುಣಿಕೆಯ 2133 ಮಂದಿಯಲ್ಲಿ 31 ಜನಕ್ಕೆ, ಎಂದರೆ ಶೇ. 1.5. ತಣ್ಣನೆಯ ಕುಣಿಕೆಯ 2137 ಮಂದಿಯಲ್ಲಿ 8 ಜನಕ್ಕೆ, ಎಂದರೆ ಶೇ. 0.4. ತೀವ್ರ ರಕ್ತಸ್ರಾವವಾದವರು ಬಿಸಿ ಗುಂಪಿನಲ್ಲಿ 8, ತಣ್ಣನೆಯ ಗುಂಪಿನಲ್ಲಿ 1. ಪಾಲಿಪ್ ತೆಗೆಯಲು ಹಿಡಿದ ಸರಾಸರಿ ಸಮಯವೂ 163 ಸೆಕೆಂಡಿನಿಂದ 119 ಸೆಕೆಂಡಿಗೆ ಇಳಿಯಿತು.

ಎರಡು ಶೇಕಡಾ ಪ್ರಮಾಣಗಳ ನಡುವಿನ ಅಂತರ ಸುಮಾರು 1.1. ಇದನ್ನು ಹೀಗೂ ಹೇಳಬಹುದು: ಸುಮಾರು 90 ಮಂದಿಗೆ ಬಿಸಿಯ ಬದಲು ತಣ್ಣನೆಯ ಕುಣಿಕೆ ಬಳಸಿದರೆ ಒಬ್ಬರಿಗೆ ರಕ್ತಸ್ರಾವ ತಪ್ಪುತ್ತದೆ. 'ಅಪಾಯ ನಾಲ್ಕರಲ್ಲಿ ಒಂದಕ್ಕೆ ಇಳಿಯಿತು' ಎಂದರೂ ಸರಿಯೇ. ಮೊದಲನೆಯ ಹೇಳಿಕೆ ವಿನಯದ್ದು, ಎರಡನೆಯದು ಜಾಹೀರಾತಿಗೆ ಒಪ್ಪುವಂಥದ್ದು. ಇಂತಹ ಸುದ್ದಿ ಓದುವಾಗ ಎರಡನ್ನೂ ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಮಾಡಿಸುವುದು ಒಳ್ಳೆಯದು.

ಬುಡ ಉಳಿದರೆ?

ರಕ್ತ ಸೋರಲಿಲ್ಲ, ತೂತು ಬೀಳಲಿಲ್ಲ, ಆದರೆ ಪಾಲಿಪ್‌ನ ಬುಡ ಉಳಿಯಿತು ಎಂದಿಟ್ಟುಕೊಳ್ಳಿ. ಕಳೆಯ ಬೇರು ನೆಲದಲ್ಲೇ ಉಳಿದಂತಾಯಿತು. ಅದು ಮತ್ತೆ ಬೆಳೆಯಬಹುದು. 'ನನ್ನದು ತೆಗೆದಾಯಿತು' ಎಂಬ ಧೈರ್ಯದಲ್ಲಿರುವವರಿಗೆ ಇದು ಇನ್ನೂ ಅಪಾಯಕಾರಿ. ಹಾಗಾಗಿ ಪೂರ್ತಿ ತೆಗೆಯುವುದೂ ಸುರಕ್ಷತೆಯ ಭಾಗವೇ.

ಇದನ್ನು ಅಳೆಯಲು ಪಾಲಿಪ್ ತೆಗೆದ ಮೇಲೆ ಗಾಯದ ಅಂಚುಗಳಿಂದ ಸಣ್ಣ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು 5ರಿಂದ 20 ಮಿಲಿಮೀಟರಿನ 346 ಪಾಲಿಪ್‌ಗಳನ್ನು ಹೀಗೆ ನೋಡಿತು. ಬಿಸಿ ಕುಣಿಕೆ ಬಳಸಿ, ಪೂರ್ತಿ ತೆಗೆದಾಯಿತೆಂದು ವೈದ್ಯರು ಭಾವಿಸಿದ್ದ ಇವುಗಳಲ್ಲಿ ಶೇ. 10.1ರಷ್ಟರಲ್ಲಿ ಅಂಶ ಉಳಿದಿತ್ತು! ಹಳೆಯ ಸಲಕರಣೆಯೂ ದೋಷಮುಕ್ತವಲ್ಲ ಎಂಬುದನ್ನು ಮರೆಯಬಾರದು. ಹೊಸದನ್ನು ಆದರ್ಶದೊಡನೆ ಹೋಲಿಸದೆ, ಈಗ ಬಳಕೆಯಲ್ಲಿರುವುದರೊಡನೆ ಹೋಲಿಸಬೇಕು.

ಜಪಾನಿನ 12 ಕೇಂದ್ರಗಳ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. 4ರಿಂದ 9 ಮಿಲಿಮೀಟರಿನ ಸುಮಾರು 800 ಪಾಲಿಪ್‌ಗಳಲ್ಲಿ ತಣ್ಣನೆಯ ಕುಣಿಕೆ ಶೇ. 98.2ನ್ನು, ಬಿಸಿ ಕುಣಿಕೆ ಶೇ. 97.4ನ್ನು ಪೂರ್ತಿಯಾಗಿ ತೆಗೆದಿದ್ದವು. ಎಂದರೆ ಸಣ್ಣ ಪಾಲಿಪ್‌ಗಳ ಮಟ್ಟಿಗೆ ಹೊಸದು ಹಳೆಯದಕ್ಕಿಂತ ಕೀಳಲ್ಲ. ಕುಣಿಕೆಯ ವಿನ್ಯಾಸವೂ ಮುಖ್ಯ. 2015ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ವಿದ್ಯುತ್ ಇಲ್ಲದೆಯೇ ಎರಡು ಬಗೆಯ ಕುಣಿಕೆಗಳನ್ನು ಹೋಲಿಸಿದರು. ತೆಳು ತಂತಿಯ ವಿಶೇಷ ಕುಣಿಕೆ ಶೇ. 91ರಷ್ಟು ಪಾಲಿಪ್‌ಗಳನ್ನು ಪೂರ್ತಿ ತೆಗೆದರೆ, ಸಾಮಾನ್ಯ ಕುಣಿಕೆ ತೆಗೆದದ್ದು ಶೇ. 79 ಮಾತ್ರ. ವಿಧಾನ ಒಂದೇ ಆದರೂ ಸಲಕರಣೆ ಬದಲಾದರೆ ಫಲಿತಾಂಶ ಬದಲಾಗುತ್ತದೆ. ಆದ್ದರಿಂದ ಒಂದು ಕುಣಿಕೆಯ ಫಲಿತಾಂಶವನ್ನು ಇನ್ನೊಂದಕ್ಕೆ ಎರವಲು ಕೊಡುವಾಗ ಎಚ್ಚರ ಬೇಕು.

ಗಾತ್ರ ಬದಲಾದರೆ ಉತ್ತರವೂ ಬದಲು

ಸಣ್ಣ ಪಾಲಿಪ್‌ಗಳಲ್ಲಿ ಗೆದ್ದ ವಿಧಾನವನ್ನು ದೊಡ್ಡ ಪಾಲಿಪ್‌ಗಳಿಗೂ ಬಳಸಿದರೇನು? ಜರ್ಮನಿಯ ಹಲವು ಕೇಂದ್ರಗಳು 20 ಮಿಲಿಮೀಟರ್ ಮತ್ತು ಅದಕ್ಕಿಂತ ದೊಡ್ಡದಾದ, ತೊಟ್ಟಿಲ್ಲದ ಪಾಲಿಪ್‌ಗಳಿದ್ದ 363 ಮಂದಿಯಲ್ಲಿ ಇದನ್ನು ಪರೀಕ್ಷಿಸಿದವು. ಫಲಿತಾಂಶ 2024ರಲ್ಲಿ ಬಂತು. ಗಂಭೀರ ತೊಂದರೆಗಳು ಬಿಸಿ ವಿಧಾನದಲ್ಲಿ ಶೇ. 7.9, ತಣ್ಣನೆಯದರಲ್ಲಿ ಶೇ. 1.0. ಕರುಳಿಗೆ ತೂತು ಬಿದ್ದದ್ದು ಬಿಸಿಯಲ್ಲಿ ಶೇ. 3.9, ತಣ್ಣನೆಯದರಲ್ಲಿ ಸೊನ್ನೆ. ಇಲ್ಲಿಗೇ ಓದು ನಿಲ್ಲಿಸಿದರೆ ತಣ್ಣನೆಯ ಕುಣಿಕೆಗೇ ಜಯ. ಆದರೆ ಮುಂದಿನ ಪರೀಕ್ಷೆಯಲ್ಲಿ ಅಡಿನೋಮದ ಅಂಶ ಮತ್ತೆ ಕಂಡದ್ದು ಬಿಸಿಯಲ್ಲಿ ಶೇ. 13.8, ತಣ್ಣನೆಯದರಲ್ಲಿ ಶೇ. 23.7!

ಈಗ ನೀವೇ ಹೇಳಿ, ಯಾವುದು ಸುರಕ್ಷಿತ? ಇಂದಿನ ಅಪಾಯ ಕಡಿಮೆಮಾಡಿಕೊಂಡು ಮುಂದೆ ಮತ್ತೊಮ್ಮೆ ಪರೀಕ್ಷೆಗೆ, ಚಿಕಿತ್ಸೆಗೆ ಬರುವುದೆ? ಇಂದೇ ಸ್ವಲ್ಪ ಹೆಚ್ಚು ಅಪಾಯ ಒಪ್ಪಿ ಬುಡಸಮೇತ ತೆಗೆಸುವುದೆ? ಹೃದಯದ ಕಾಯಿಲೆಯಿರುವ ವೃದ್ಧರಿಗೂ ಐವತ್ತರ ಗಟ್ಟಿಗರಿಗೂ ಉತ್ತರ ಒಂದೇ ಆಗಿರಬೇಕಾಗಿಲ್ಲ. ಹಾಗೆಯೇ ಮತ್ತೆ ಪರೀಕ್ಷೆಗೆ ಬರುವ ಸೌಕರ್ಯ ಇರುವವರಿಗೂ ಇಲ್ಲದವರಿಗೂ. ಅಂಕಿಗಳು ತೀರ್ಮಾನಕ್ಕೆ ಬೆಳಕು ಕೊಡುತ್ತವೆ, ತೀರ್ಮಾನವನ್ನು ವೈದ್ಯರೂ ವ್ಯಕ್ತಿಯೂ ಕೂಡಿಯೇ ಮಾಡಬೇಕು. ಸಣ್ಣ ಪಾಲಿಪ್‌ಗಳ ವಿಷಯದಲ್ಲಿ ಮಾತ್ರ ಈಗ ಹೆಚ್ಚಿನ ಗೊಂದಲವಿಲ್ಲ. ಅಮೆರಿಕದ ತಜ್ಞರ ಕಾರ್ಯಪಡೆ 2020ರಲ್ಲಿ, ಯುರೋಪಿನ ಎಂಡೊಸ್ಕೋಪಿ ಸಂಘ 2024ರಲ್ಲಿ, 9 ಮಿಲಿಮೀಟರ್‌ವರೆಗಿನ ಪಾಲಿಪ್‌ಗಳಿಗೆ ತಣ್ಣನೆಯ ಕುಣಿಕೆಯನ್ನೇ ಶಿಫಾರಸು ಮಾಡಿವೆ.

ಮಾರುಕಟ್ಟೆಗೆ ಬಂದ ಮೇಲೆ

ಇಷ್ಟೆಲ್ಲ ಆದರೂ ಪರೀಕ್ಷೆ ಮುಗಿಯುವುದಿಲ್ಲ. ಪ್ರಯೋಗಗಳಲ್ಲಿ ಪಾಲಿಪ್ ತೆಗೆಯುವವರು ಸಾಮಾನ್ಯವಾಗಿ ನುರಿತವರು. ಸಲಕರಣೆ ಎಲ್ಲೆಡೆ ಹರಡಿದ ಮೇಲೆ ಅದನ್ನು ಹಿಡಿಯುವ ಕೈಗಳೂ ಬೇರೆ, ಕರುಳುಗಳೂ ಬೇರೆ. ಹತ್ತು ಸಾವಿರದಲ್ಲಿ ಒಬ್ಬರಿಗೆ ಆಗುವ ತೊಂದರೆ 4270 ಮಂದಿಯ ಪ್ರಯೋಗದಲ್ಲೂ ಕಾಣದೆ ಹೋಗಬಹುದು. ಮೂರರ ನಿಯಮದಂತೆ ಅದಕ್ಕೆ 30,000 ಮಂದಿ ಬೇಕು. ಅಷ್ಟು ದೊಡ್ಡ ಎಣಿಕೆ ಸಾಧ್ಯವಾಗುವುದು ದಿನನಿತ್ಯದ ಬಳಕೆಯಲ್ಲಿ, ಅದೂ ಆದ ತೊಂದರೆಯನ್ನು ಯಾರಾದರೂ ವರದಿಮಾಡಿದರೆ ಮಾತ್ರ.

ಭಾರತದಲ್ಲಿ ಇದಕ್ಕಾಗಿ 2015ರಲ್ಲಿ ವೈದ್ಯಕೀಯ ಸಲಕರಣೆಗಳ ನಿಗಾ ಕಾರ್ಯಕ್ರಮ ಆರಂಭವಾಯಿತು. 'ಮೆಟೀರಿಯೊವಿಜಿಲೆನ್ಸ್' ಎಂದು ಕರೆಯಲಾಗುವ ಇದರ ಸಮನ್ವಯ ಕೇಂದ್ರ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೊಪಿಯ ಕಮಿಷನ್. 2017ರಲ್ಲಿ ರೂಪುಗೊಂಡು 2018ರ ಜನವರಿ 1ರಿಂದ ಜಾರಿಗೆ ಬಂದ ವೈದ್ಯಕೀಯ ಸಲಕರಣೆಗಳ ನಿಯಮಗಳು ಸಲಕರಣೆಗಳನ್ನು ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಲ್ಲಿ ಇರಿಸುತ್ತವೆ. ಅಪಾಯ ಹೆಚ್ಚಿದಂತೆ ಒದಗಿಸಬೇಕಾದ ಪುರಾವೆಯೂ ಹೆಚ್ಚು. ಆದರೆ ನಿಯಮವಿದ್ದರೆ ಸಾಲದು. ವರದಿಯಾಗದ ತೊಂದರೆ ಲೆಕ್ಕಕ್ಕೆ ಸಿಗುವುದಿಲ್ಲ, ಲೆಕ್ಕಕ್ಕೆ ಸಿಗದ ತೊಂದರೆ ಸೊನ್ನೆಯಂತೆ ಕಾಣುತ್ತದೆ. ಅಂತಹ ಸೊನ್ನೆ ಸುಣ್ಣದ ಬೀಜ ಬರದ ಸೊನ್ನೆಗಿಂತಲೂ ಹೆಚ್ಚು ಮೋಸದ್ದು.

ಇನ್ನು ಮುಂದೆ 'ಹೊಸ ಸಲಕರಣೆ ಸಂಪೂರ್ಣ ಸುರಕ್ಷಿತ' ಎಂಬ ಸುದ್ದಿ ಪತ್ರಿಕೆಯಲ್ಲಿ ಕಂಡರೆ ಐದು ಪ್ರಶ್ನೆ ಕೇಳಿ ನೋಡಿ. ಎಷ್ಟು ಮಂದಿಯಲ್ಲಿ ನೋಡಿದರು? ಎಷ್ಟು ದಿನ ಕಾದರು? ಯಾವುದರೊಡನೆ ಹೋಲಿಸಿದರು? ಯಾರಿಗೆ ಯಾವುದು ಎಂದು ಹೇಗೆ ಹಂಚಿದರು? ಮಾಡಬೇಕಾದ ಕೆಲಸವನ್ನು ಅದು ಪೂರ್ತಿ ಮಾಡಿತೆ? ಐದಕ್ಕೂ ಉತ್ತರವಿದ್ದರೆ ಸುದ್ದಿಯನ್ನು ನಂಬಬಹುದು. ಇಲ್ಲದಿದ್ದರೆ ಚೀಲದಿಂದ ಇನ್ನಷ್ಟು ಬೀಜ ತೆಗೆಯಬೇಕಾಗಿದೆ ಎಂದೇ ಅರ್ಥ.